ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೊಥೆರಪಿ: ವರ್ತಕರು ಮೊದಲೇ ನೋಡಬೇಕಾದ ಲೆಕ್ಕ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ವರ್ತಕರ ಹಣ ಬಹುಮಟ್ಟಿಗೆ ಅಡಿಕೆ, ಕಾಫಿ, ಕಾಳುಮೆಣಸಿನ ದಾಸ್ತಾನಿನಲ್ಲಿಯೂ ಬೆಳೆಗಾರರಿಗೆ ಕೊಟ್ಟ ಮುಂಗಡದಲ್ಲಿಯೂ ತೊಡಗಿರುತ್ತದೆ. ಮನೆಯ ಯಜಮಾನನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದಾಗ ಮೊದಲು ಕೈ ಹೋಗುವುದು ಈ ದುಡಿಯುವ ಬಂಡವಾಳಕ್ಕೇ. ಆದುದರಿಂದ ಈ ರೋಗದ ಹೊಸ ಚಿಕಿತ್ಸೆಯನ್ನು ವ್ಯವಹಾರದ ದೃಷ್ಟಿಯಿಂದಲೂ ಅರಿತಿರುವುದು ಅವಶ್ಯ.

ಚಿಕಿತ್ಸೆಯ ಸ್ವರೂಪ

ಕೀಮೋಥೆರಪಿ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ನೇರವಾಗಿ ನಾಶಪಡಿಸುತ್ತದೆ. ಇಮ್ಯುನೊಥೆರಪಿಯ ರೀತಿ ಬೇರೆ. ದೇಹದ ರಕ್ಷಕ ಟಿ ಕೋಶಗಳ ಮೇಲೆ ಪಿಡಿ-1 ಎಂಬ ತಡೆಯೊಂದಿದೆ. ಕ್ಯಾನ್ಸರ್ ಕೋಶವು ಪಿಡಿ-ಎಲ್1 ಎಂಬ ಪ್ರೋಟೀನಿನ ಮೂಲಕ ಅದನ್ನು ಅದುಮಿ ಪಾರಾಗುತ್ತದೆ. ಪೆಂಬ್ರೊಲಿಜುಮ್ಯಾಬ್, ಅಟೆಜೊಲಿಜುಮ್ಯಾಬ್ ಮೊದಲಾದ ಔಷಧಗಳು ಈ ಕೊಂಡಿಯನ್ನು ಬಿಡಿಸುತ್ತವೆ. ಈ ಬಗೆಯ ಚಿಕಿತ್ಸೆಗೆ ದಾರಿ ತೆರೆದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಇದು ಎಲ್ಲರಿಗೂ ಫಲಿಸದು. ಗೆಡ್ಡೆಯಲ್ಲಿ ಪಿಡಿ-ಎಲ್1 ಪ್ರಮಾಣ ಶೇ. 50ಕ್ಕಿಂತ ಕಡಿಮೆಯಿಲ್ಲದ, ರೋಗ ಹರಡಿದ್ದವರ ಮೇಲೆ ನಡೆದ ಕೀನೋಟ್-024 ಅಧ್ಯಯನದಲ್ಲಿ ಐದು ವರ್ಷ ಬದುಕಿದವರು ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ಸುಮಾರು ಶೇ. 32, ಕೀಮೋಥೆರಪಿಯಿಂದ ಆರಂಭಿಸಿದವರಲ್ಲಿ ಸುಮಾರು ಶೇ. 16. ಇಜಿಎಫ್‌ಆರ್ ಅಥವಾ ಎಎಲ್‌ಕೆ ವಂಶವಾಹಿಯಲ್ಲಿ ಬದಲಾವಣೆಯಿದ್ದವರಿಗೆ ಸಾಮಾನ್ಯವಾಗಿ ಮಾತ್ರೆಗಳೇ ಮೊದಲ ಆಯ್ಕೆ. ಆದುದರಿಂದ ಹಣ ಹೊಂದಿಸುವ ಮೊದಲು ಈ ಪರೀಕ್ಷೆಗಳ ವರದಿ ಕೈಯಲ್ಲಿರಬೇಕು. ಶ್ವಾಸಕೋಶ, ಕರುಳು, ಥೈರಾಯ್ಡ್‌ಗಳ ಉರಿಯೂತ ಇದರ ಅಡ್ಡಪರಿಣಾಮಗಳು.

ವೆಚ್ಚ ಮತ್ತು ತೆರಿಗೆ

ಔಷಧವನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಎರಡು ವರ್ಷಗಳವರೆಗೂ ಕೊಡುವುದುಂಟು. ಪಟ್ಟಿ ಬೆಲೆಯಲ್ಲಿ ಒಂದೊಂದು ಬಾರಿಯ ಬಿಲ್ಲು ಲಕ್ಷಗಳಲ್ಲಿರಬಹುದು. ಪೆಂಬ್ರೊಲಿಜುಮ್ಯಾಬ್‌ಗೆ 2023ರ ಏಪ್ರಿಲ್‌ನಿಂದಲೂ ಡುರ್ವಾಲುಮ್ಯಾಬ್‌ಗೆ 2024ರ ಜುಲೈನಿಂದಲೂ ಮೂಲ ಆಮದು ಸುಂಕದ ವಿನಾಯಿತಿ ದೊರೆಯಿತು. 2025ರ ಸೆಪ್ಟೆಂಬರ್ 22ರಿಂದ ಶೇ. 12ರಲ್ಲಿದ್ದ ಔಷಧಗಳ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು, ಅಟೆಜೊಲಿಜುಮ್ಯಾಬ್ ಸೇರಿದಂತೆ ಕೆಲವಕ್ಕೆ ಪೂರ್ಣ ವಿನಾಯಿತಿಯಾಯಿತು. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚಕ್ಕೆ 40,000 ರೂ., ಹಿರಿಯ ನಾಗರಿಕರ ಚಿಕಿತ್ಸೆಯಾದರೆ 1 ಲಕ್ಷ ರೂ.ವರೆಗೆ ಕಡಿತವುಂಟು, ವಿಮೆಯಿಂದ ಬಂದ ಮೊತ್ತವನ್ನು ಅದರಲ್ಲಿ ಕಳೆಯಬೇಕು. ಒಟ್ಟು ವೆಚ್ಚದ ಮುಂದೆ ಇದು ಅಲ್ಪವೇ.

ವಿಮೆಯ ಒಳಮಿತಿ

ಹೀಗಾಗಿ ನಿಜವಾದ ಆಸರೆ ವಿಮೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯು ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳಲ್ಲಿ ಇಮ್ಯುನೊಥೆರಪಿ ಚುಚ್ಚುಮದ್ದನ್ನೂ ಸೇರಿಸಿತು. ಆದರೆ ಒಳಮಿತಿ ವಿಧಿಸಲು ಅವಕಾಶವಿತ್ತು. ಹತ್ತು ಲಕ್ಷದ ಪಾಲಿಸಿಯಿದ್ದರೂ ಈ ಚಿಕಿತ್ಸೆಗೆ ಅದರ ಒಂದು ಭಾಗವಷ್ಟೇ ದೊರೆಯುವ ಷರತ್ತು ಇರಬಹುದು. ನವೀಕರಣದ ಸಮಯದಲ್ಲಿ ಆ ಷರತ್ತನ್ನು ಓದಿಯೇ ಕಂತು ಕಟ್ಟಬೇಕು. ಧೂಮಪಾನದ ಅಭ್ಯಾಸವನ್ನು ಅರ್ಜಿಯಲ್ಲಿ ಮರೆಮಾಚಬಾರದು. ಕ್ಲೇಮು ತಿರಸ್ಕೃತವಾಗಲು ಅದೊಂದೇ ಸಾಕಾದೀತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ವಿನಾಯಿತಿಯಿದೆ. ನೌಕರರ ಗುಂಪು ವಿಮೆಗೆ ಅದು ಅನ್ವಯಿಸಿಲ್ಲ.

ಮಲೆನಾಡಿನ ರೋಗಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮೂರು ವಾರಕ್ಕೊಮ್ಮೆ ಹೋಗಿಬರಬೇಕಾಗುತ್ತದೆ. ಅಷ್ಟು ದಿನ ಅಂಗಡಿಯ ವಹಿವಾಟು ನಿಲ್ಲದಿರಲು ಪಾಲುದಾರನಿಗೋ ಮಗ ಮಗಳಿಗೋ ಬ್ಯಾಂಕ್ ಖಾತೆಯ ಸಹಿ ಅಧಿಕಾರವನ್ನೂ ಬಾಕಿ ವಸೂಲಿಯ ವಿವರವನ್ನೂ ಆರೋಗ್ಯವಾಗಿರುವಾಗಲೇ ಒಪ್ಪಿಸಿಡುವುದು ಲೇಸು.