ಕಾಲೇಜು ಮೈದಾನದಲ್ಲಿ ಬಿಯರ್ ಮಾರಾಟ: ಅಮೆರಿಕೆಯ ಲೆಕ್ಕಾಚಾರ ಮತ್ತು ನಮ್ಮ ಕಾಯಿದೆ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲೂಕುಗಳಲ್ಲಿ ಕ್ರೀಡಾಕೂಟವೆಂದರೆ ವ್ಯಾಪಾರಕ್ಕೂ ಒಂದು ಸುಗ್ಗಿ. ಹಳಿಯಾಳದ ಕುಸ್ತಿ ಕಣವಿರಲಿ, ಮುಂಡಗೋಡದ ಟಿಬೇಟಿಯನ್ ಕಾಲೊನಿಯ ಫುಟ್‌ಬಾಲ್ ಇರಲಿ, ಬಂಗೂರನಗರದ ಕಾಲೇಜು ತಂಡಗಳ ಪಂದ್ಯವಿರಲಿ, ಜನ ಸೇರಿದೆಡೆ ಗಿರಮಿಟ್ಟು, ಮಿರ್ಚಿ, ಚಹಾ, ತಂಪು ಪಾನೀಯಗಳ ಅಂಗಡಿಗಳು ತಾವಾಗಿಯೇ ಏಳುತ್ತವೆ. ಕಾಳಿ ನದಿಯ ಪ್ರವಾಸೋದ್ಯಮ ಬೆಳೆದಂತೆ ಈ ಭಾಗದಲ್ಲಿ ಬಿಯರಿನ ಬೇಡಿಕೆಯೂ ಬೆಳೆದಿದೆ. ಅಮೆರಿಕೆಯ ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾಂಗಣದಲ್ಲಿಯೇ ಬಿಯರ್ ಮಾರಿ ಲಕ್ಷಾಂತರ ಡಾಲರ್ ಗಳಿಸುತ್ತಿರುವ ಸುದ್ದಿ ಓದಿದವರಿಗೆ, ನಮ್ಮಲ್ಲಿಯೂ ಪಂದ್ಯಾವಳಿಯ ದಿನ ಅಂಥ ಒಂದು ಮಳಿಗೆ ಏಕಾಗಬಾರದು ಎಂಬ ಯೋಚನೆ ಸುಳಿಯುವುದು ಸಹಜ. ಅದಕ್ಕೆ ಉತ್ತರ ಅಬಕಾರಿ ಕಾಯಿದೆಯಲ್ಲಿ ಅರ್ಧದಷ್ಟಿದೆ. ಉಳಿದರ್ಧ, ಬಹಳಷ್ಟು ವ್ಯಾಪಾರಸ್ಥರ ಗಮನಕ್ಕೆ ಬಾರದ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯಲ್ಲಿದೆ.

ಅಮೆರಿಕೆಯಲ್ಲಿ ನಡೆದದ್ದೇನು?

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಕಾಲೇಜು ತಂಡಗಳ ಪಂದ್ಯಗಳಿಗೆ ಅಲ್ಲಿ ಅಸಾಧಾರಣ ಜನಪ್ರಿಯತೆಯಿದ್ದು, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲಿಯೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಬಹುಕಾಲ ಹೆಚ್ಚಿನ ವಿಶ್ವವಿದ್ಯಾಲಯಗಳು ಸಾಮಾನ್ಯ ಪ್ರೇಕ್ಷಕರಿಗೆ ಮದ್ಯ ಮಾರುತ್ತಿರಲಿಲ್ಲ. ಆದರೆ ಜನ ಕುಡಿಯದೆ ಇರುತ್ತಿರಲಿಲ್ಲ. ವಾಹನ ನಿಲುಗಡೆಯ ಬಯಲಿನಲ್ಲಿ ಪಂದ್ಯಕ್ಕೆ ಮೊದಲೇ ಗಂಟೆಗಟ್ಟಲೆ ಕುಡಿದು ಒಳಬರುವ ರೂಢಿ ಇತ್ತು.

ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಪಂದ್ಯದ ಮಧ್ಯಂತರದಲ್ಲಿ ಹೊರಹೋಗಿ, ಮತ್ತೆ ಕುಡಿದು, ಅದೇ ಟಿಕೆಟಿನ ಮೇಲೆ ಒಳಬರಲು ಅವಕಾಶವಿತ್ತು. 2011ರಲ್ಲಿ ಆ ವಿಶ್ವವಿದ್ಯಾಲಯವು ಎರಡು ನಿರ್ಧಾರಗಳನ್ನು ಒಟ್ಟಿಗೆ ಕೈಗೊಂಡಿತು: ಮಧ್ಯಂತರದಲ್ಲಿ ಹೊರಹೋದವರಿಗೆ ಮರುಪ್ರವೇಶ ಬಂದ್, ಬದಲಾಗಿ ಒಳಗೆ ನಿಯಂತ್ರಿತವಾಗಿ ಬಿಯರ್ ಮಾರಾಟ. ಆ ವರ್ಷ ಪಂದ್ಯದ ದಿನಗಳ ಪೊಲೀಸ್ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಇಳಿದವು, ಆದಾಯವೂ ಬಂದಿತು. ಈ ಇಳಿಕೆಗೆ ಬಿಯರ್ ಮಾರಾಟ ಎಷ್ಟು ಕಾರಣ, ಮರುಪ್ರವೇಶದ ತಡೆ ಎಷ್ಟು ಕಾರಣ ಎಂದು ಬಿಡಿಸಿ ನೋಡದೆ, ‘ಬಿಯರ್ ಮಾರಿದರೆ ಗಲಾಟೆ ಕಡಿಮೆ’ ಎಂದು ಹೇಳುವುದು ಅರ್ಧ ಲೆಕ್ಕ. ಜಮೆಯ ಪುಟ ಮಾತ್ರ ನೋಡಿ ಖಾತೆ ಮುಗಿಸಿದಂತೆ.

ಅನಂತರ ಹಲವು ವಿಶ್ವವಿದ್ಯಾಲಯಗಳು ಇದೇ ದಾರಿ ಹಿಡಿದವು. ಒಹಾಯೊ ಸ್ಟೇಟ್ 2016ರಲ್ಲಿ ಇಡೀ ಕ್ರೀಡಾಂಗಣದಲ್ಲಿ ಮಾರಾಟ ಆರಂಭಿಸಿ, ಆ ಒಂದೇ ಋತುವಿನಲ್ಲಿ ಹತ್ತು ಲಕ್ಷ ಡಾಲರಿಗಿಂತ ಹೆಚ್ಚು ಆದಾಯ ಕಂಡಿತು. ದಕ್ಷಿಣದ ರಾಜ್ಯಗಳ ಪ್ರಮುಖ ವಿಶ್ವವಿದ್ಯಾಲಯಗಳ ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ 2019ರಲ್ಲಿ ತನ್ನ ನಿಷೇಧವನ್ನು ತೆಗೆದು, ನಿರ್ಧಾರವನ್ನು ಆಯಾ ವಿಶ್ವವಿದ್ಯಾಲಯಕ್ಕೆ ಬಿಟ್ಟಿತು. ಅದು ವಿಧಿಸಿದ ಷರತ್ತುಗಳನ್ನು ನಮ್ಮ ವ್ಯಾಪಾರಸ್ಥರು ಗಮನಿಸಬೇಕು. ಬಿಯರ್ ಮತ್ತು ವೈನ್ ಮಾತ್ರ. ಗೊತ್ತುಪಡಿಸಿದ ಸ್ಥಿರ ಮಳಿಗೆಗಳಲ್ಲಿ ಮಾತ್ರ. ಆಸನಗಳ ನಡುವೆ ಹೊತ್ತು ಮಾರುವಂತಿಲ್ಲ. ಪ್ರತಿ ಮಾರಾಟದಲ್ಲಿ ವಯಸ್ಸಿನ ಗುರುತುಚೀಟಿ ತಪಾಸಣೆ. ಒಂದು ಸಲಕ್ಕೆ ಕೊಡುವ ಪ್ರಮಾಣಕ್ಕೆ ಮಿತಿ. ಲೋಟಕ್ಕೆ ಸುರಿದೇ ಕೊಡಬೇಕು. ಮಾರುವ ಸಿಬ್ಬಂದಿಗೆ ತರಬೇತಿ. ಆಟದ ನಾಲ್ಕು ಪಾದಗಳಲ್ಲಿ ಮೂರನೆಯದು ಮುಗಿಯುತ್ತಲೇ ಮಾರಾಟ ಬಂದ್. ಅಮೆರಿಕೆಯಲ್ಲಿ ಕುಡಿಯುವ ಕನಿಷ್ಠ ವಯಸ್ಸು 21 ಆಗಿರುವುದರಿಂದ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳಿಗೆ ಆ ಮಳಿಗೆಯಲ್ಲಿ ಬಿಯರ್ ಸಿಗುವುದೇ ಇಲ್ಲ. ಅಲ್ಲಿನ ಗಿರಾಕಿಗಳು ಹಳೆಯ ವಿದ್ಯಾರ್ಥಿಗಳು ಮತ್ತು ಊರಿನವರು.

ಬೇರೆ ದೇಶಗಳ ಅನುಭವ ಒಂದೇ ತೆರನಾಗಿಲ್ಲ. 1980ರ ಸ್ಕಾಟಿಷ್ ಕಪ್ ಅಂತಿಮ ಪಂದ್ಯದ ದೊಂಬಿಯ ನಂತರ ಸ್ಕಾಟ್ಲೆಂಡ್ ಫುಟ್‌ಬಾಲ್ ಮೈದಾನಗಳಲ್ಲಿ ಮದ್ಯವನ್ನು ನಿಷೇಧಿಸಿತು. ಇಂಗ್ಲೆಂಡಿನ 1985ರ ಕಾಯಿದೆಯು ಆಟ ಕಾಣುವ ಜಾಗದಲ್ಲಿ ಕುಳಿತು ಕುಡಿಯುವುದನ್ನು ತಡೆಯಿತು. ಕತಾರ್‌ನ 2022ರ ವಿಶ್ವಕಪ್‌ನಲ್ಲಂತೂ ಪಂದ್ಯಾವಳಿ ಆರಂಭಕ್ಕೆ ಕೇವಲ ಎರಡು ದಿನ ಇರುವಾಗ ಕ್ರೀಡಾಂಗಣಗಳ ಬಿಯರ್ ಮಾರಾಟ ರದ್ದಾಯಿತು. ಪ್ರಾಯೋಜಕ ಬಡ್‌ವೈಸರ್ ಸಂಸ್ಥೆಯ ಸರಕು ಗೋದಾಮಿನಲ್ಲಿ ಉಳಿಯಿತು. ಅಷ್ಟು ದೊಡ್ಡ ಸಂಸ್ಥೆಯ ಕರಾರಿಗೇ ಈ ಗತಿಯಾದರೆ, ಬಾಯಿಮಾತಿನ ಭರವಸೆಯ ಮೇಲೆ ಸರಕು ತುಂಬುವ ಸ್ಥಳೀಯ ವ್ಯಾಪಾರಿಯ ಪಾಡು ಊಹಿಸಬಹುದು.

ಕರ್ನಾಟಕದ ಅಬಕಾರಿ ಕಾಯಿದೆ

ನಮ್ಮ ರಾಜ್ಯದಲ್ಲಿ 1965ರ ಕರ್ನಾಟಕ ಅಬಕಾರಿ ಕಾಯಿದೆ ಮತ್ತು 1968ರ ಭಾರತೀಯ ಹಾಗೂ ವಿದೇಶಿ ಮದ್ಯಗಳ ಮಾರಾಟ ನಿಯಮಗಳು ಜಾರಿಯಲ್ಲಿವೆ. ಚಿಲ್ಲರೆ ಅಂಗಡಿಗೆ ಸಿ.ಎಲ್.-2, ಕ್ಲಬ್‌ಗೆ ಸಿ.ಎಲ್.-4, ವಸತಿಗೃಹವುಳ್ಳ ಹೋಟೆಲಿಗೆ ಸಿ.ಎಲ್.-7, ಬಾರ್‌ಗೆ ಸಿ.ಎಲ್.-9 ಎಂಬ ಸನ್ನದುಗಳು ವ್ಯಾಪಾರಸ್ಥರಿಗೆ ಪರಿಚಿತ. ಇವು ಜುಲೈ 1ರಿಂದ ಜೂನ್ 30ರ ಅಬಕಾರಿ ವರ್ಷಕ್ಕೆ ಅನ್ವಯಿಸುತ್ತವೆ. ಸಗಟು ಖರೀದಿಗೆ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮವೇ ದಾರಿ. ಗೋವೆಯಲ್ಲಿ ಬಿಯರ್ ಅಗ್ಗವೆಂದು ಅನಮೋಡ ದಾಟಿಸಿ ತಂದು ಮಾರುವುದು ಸನ್ನದುದಾರನಿಗೂ ಅಪರಾಧವೇ.

ನಿರ್ದಿಷ್ಟ ಸಂದರ್ಭಕ್ಕೆ, ನಿರ್ದಿಷ್ಟ ಸ್ಥಳಕ್ಕೆ ನೀಡುವ ಸಾಂದರ್ಭಿಕ ಸನ್ನದು ಸಿ.ಎಲ್.-5. ಸಮಾರಂಭಗಳಿಗೆ ಪಡೆಯುವುದು ಇದನ್ನೇ. ಪಂದ್ಯಾವಳಿಗೂ ಇದು ಸಿಕ್ಕೀತೆಂದು ಭಾವಿಸುವವರು ನಿಯಮ 5ನ್ನು ಓದಬೇಕು. ಶಿಕ್ಷಣ ಸಂಸ್ಥೆ, ದೇವಸ್ಥಾನ ಮೊದಲಾದ ಧಾರ್ಮಿಕ ಸ್ಥಳ, ಆಸ್ಪತ್ರೆ ಹಾಗೂ ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂಬುದು ಅದರ ತಿರುಳು. ಈ ಅಂತರವನ್ನು ಹಗ್ಗ ಹಿಡಿದಂತೆ ನೇರವಾಗಿ ಅಳೆಯುವುದಿಲ್ಲ. ಸಂಸ್ಥೆಯ ಪ್ರವೇಶದ್ವಾರದ ನಡುಬಿಂದುವಿನಿಂದ ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ ಅಳೆಯಲಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜು ‘ಶಿಕ್ಷಣ ಸಂಸ್ಥೆ’ಯ ವ್ಯಾಖ್ಯೆಯೊಳಗೆ ಬರುತ್ತದೆ, ಟ್ಯುಟೋರಿಯಲ್‌ಗಳು ಬರುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಬಂಗೂರನಗರದ ಪದವಿ ಕಾಲೇಜಿನ ವಿಷಯದಲ್ಲಿ ಆದ್ದರಿಂದ ಸಂಶಯಕ್ಕೆ ಎಡೆಯಿಲ್ಲ. ಕಾಲೇಜಿನ ಮೈದಾನವು ಸಂಸ್ಥೆಯಿಂದ ಇಷ್ಟು ಮೀಟರ್ ದೂರವೆಂದು ಅಳೆಯುವ ಪ್ರಶ್ನೆಯೇ ಹುಟ್ಟುವುದಿಲ್ಲ, ಅದು ಸಂಸ್ಥೆಯ ಅಂಗವೇ. ಸನ್ನದು ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ, ಅರ್ಜಿದಾರನ ಹಕ್ಕಲ್ಲ. ನಿಯಮದ ಉದ್ದೇಶವನ್ನೇ ಬದಿಗಿಟ್ಟು ಅಂಥ ಜಾಗಕ್ಕೆ ಅನುಮತಿ ದೊರೆತೀತೆಂದು ಎಣಿಸಿ ಮುಂಗಡ ಕೊಡುವುದು ವ್ಯವಹಾರವಲ್ಲ.

ವಯಸ್ಸಿನ ವಿಷಯ. ಮದ್ಯ ಮಾರಾಟದ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡನ್ನು ರಾಜ್ಯ ಸರ್ಕಾರ 2023ರ ಜನವರಿಯಲ್ಲಿ ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪದ ನಂತರ ಅದೇ ತಿಂಗಳು ಕೈಬಿಟ್ಟಿತು. ಪದವಿ ತರಗತಿಯ ಹೆಚ್ಚಿನ ವಿದ್ಯಾರ್ಥಿಗಳು 21ಕ್ಕಿಂತ ಕೆಳಗಿನವರು. ಅಮೆರಿಕೆಯಲ್ಲಿ ಗೇಟು, ಟಿಕೆಟ್ಟು, ಗುರುತುಚೀಟಿ ಎಲ್ಲವೂ ಇದ್ದು ಅವರನ್ನು ಬೇರ್ಪಡಿಸಲು ಸಾಧ್ಯ. ನಮ್ಮ ಮೈದಾನಗಳು ಹೆಚ್ಚಾಗಿ ನಾಲ್ಕೂ ದಿಕ್ಕು ತೆರೆದವು. ಅಪ್ಪನ ಹೆಗಲ ಮೇಲೆ ಕುಳಿತ ಮಗುವೂ ಅಲ್ಲಿ ಪ್ರೇಕ್ಷಕನೇ.

ಮಾರದೆಯೂ ಸಿಕ್ಕಿಬೀಳುವವರಿದ್ದಾರೆ. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವನೆಗೆ ಸಂಬಂಧಿಸಿದ 15ಎ ಮತ್ತು 32(3) ಕಲಮುಗಳಡಿ ಪ್ರಕರಣ ದಾಖಲಾಗುವುದು ಬಹುಮಟ್ಟಿಗೆ ಸಣ್ಣ ಖಾನಾವಳಿ, ಚಹಾದಂಗಡಿ, ಡಬ್ಬಿ ಅಂಗಡಿಗಳ ಮೇಲೆಯೇ. ಗಿರಾಕಿ ಹೊರಗಿನಿಂದ ಬಾಟಲಿ ತಂದ; ಅಂಗಡಿಯಾತ ಲೋಟ, ನೀರು, ಕೂರಲು ಬೆಂಚು ಕೊಟ್ಟ. ಅವನ ಮಟ್ಟಿಗೆ ಅದು ಮಿರ್ಚಿಯ ವ್ಯಾಪಾರ. ಕಾನೂನಿನ ಮಟ್ಟಿಗೆ ಕುಡಿಯಲು ಜಾಗ ಒದಗಿಸಿದ ಅಪರಾಧ. ಪಂದ್ಯದ ದಿನ ಮೈದಾನದ ಸುತ್ತಲಿನ ಅಂಗಡಿಕಾರರು ಬಿಯರ್ ಮಳಿಗೆಯ ಕನಸಿಗಿಂತ ಮೊದಲು ಈ ಬೆಂಚಿನ ಬಗ್ಗೆ ಎಚ್ಚರ ವಹಿಸುವುದು ಲೇಸು.

ತೆರಿಗೆಯ ಮಗ್ಗುಲು

ಕಾಲೇಜಿನಿಂದ ದೂರದ, ಖಾಸಗಿ ಜಾಗದಲ್ಲಿ ನಡೆಯುವ ಪಂದ್ಯಾವಳಿಗೆ ಸಾಂದರ್ಭಿಕ ಸನ್ನದು ದೊರೆಯಿತೆಂದೇ ಇಟ್ಟುಕೊಳ್ಳೋಣ. ಮನುಷ್ಯ ಸೇವನೆಯ ಮದ್ಯ ಜಿಎಸ್‌ಟಿ ವ್ಯಾಪ್ತಿಯ ಹೊರಗಿದೆ. ‘ಹಾಗಾದರೆ ಬಿಯರ್ ಮಾರಾಟದಿಂದ ಜಿಎಸ್‌ಟಿಗೆ ಸಂಬಂಧವಿಲ್ಲ’ ಎಂಬ ತೀರ್ಮಾನ ಎಷ್ಟು ಸರಳವೋ ಅಷ್ಟೇ ತಪ್ಪು.

ಒಬ್ಬ ಖಾನಾವಳಿ ಮಾಲೀಕನ ಊಟ ತಿಂಡಿಯ ವಾರ್ಷಿಕ ವಹಿವಾಟು 17 ಲಕ್ಷ ರೂಪಾಯಿ ಎನ್ನೋಣ. ಸೇವೆಗಳ ನೋಂದಣಿ ಮಿತಿ 20 ಲಕ್ಷವಾದ್ದರಿಂದ ಆತ ನೋಂದಣಿ ಮಾಡಿಸಿಲ್ಲ. ಪಂದ್ಯಾವಳಿಗಳಲ್ಲಿ ಆತ 4 ಲಕ್ಷ ರೂಪಾಯಿಯ ಬಿಯರ್ ಮಾರಿದ. ಬಿಯರಿಗೆ ಜಿಎಸ್‌ಟಿ ಇಲ್ಲ, ನಿಜ. ಆದರೆ ಕಾಯಿದೆಯ 2(6)ನೆಯ ಕಲಮಿನ ‘ಒಟ್ಟು ವಹಿವಾಟು’ ಎಂಬ ಪದವು ವಿನಾಯಿತಿ ಪಡೆದ ಪೂರೈಕೆಯನ್ನೂ ಒಳಗೊಳ್ಳುತ್ತದೆ. 2(47)ನೆಯ ಕಲಮು ತೆರಿಗೆಯೇ ಇಲ್ಲದ ಪೂರೈಕೆಯನ್ನೂ ವಿನಾಯಿತಿ ಪಡೆದದ್ದೆಂದೇ ಎಣಿಸುತ್ತದೆ. 17 ಮತ್ತು 4 ಕೂಡಿ 21 ಲಕ್ಷ. ಮಿತಿ ದಾಟಿತು. ಇನ್ನು ಮುಂದೆ ಆತ ನೋಂದಣಿ ಪಡೆದು ಊಟ ತಿಂಡಿಯ ಮೇಲೆ ಶೇ. 5ರಂತೆ ತೆರಿಗೆ ಕಟ್ಟಬೇಕು. ಅದೇ ವಹಿವಾಟು ಮುಂದಿನ ವರ್ಷವೂ ಇದ್ದರೆ 85,000 ರೂಪಾಯಿ. ಆತ ಗಮನಿಸದೆ ಇದ್ದು ಇಲಾಖೆ ಎರಡು ವರ್ಷಗಳ ನಂತರ ಗಮನಿಸಿದರೆ, ಗಿರಾಕಿಗಳಿಂದ ವಸೂಲು ಮಾಡದ ತೆರಿಗೆ, ಬಡ್ಡಿ, ದಂಡ ಎಲ್ಲವೂ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಅಂಕಿಅಂಶ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಕಳಿಸಿದ ನೋಟೀಸುಗಳು ಎಬ್ಬಿಸಿದ ಗದ್ದಲವನ್ನು ಯಾರೂ ಮರೆತಿಲ್ಲ. ಬಿಯರಿನ ಹಣ ಫೋನಿಗೆ ಬಂದರೆ ಅದರ ಗುರುತು ಅಲ್ಲಿಯೇ ಇರುತ್ತದೆ.

ರಾಜಿ ತೆರಿಗೆ ಪದ್ಧತಿಯಲ್ಲಿರುವವರ ಸ್ಥಿತಿ ಇನ್ನೂ ಬಿಗಿ. 10(2)(ಬಿ) ಕಲಮಿನಂತೆ, ಜಿಎಸ್‌ಟಿಗೆ ಒಳಪಡದ ಸರಕನ್ನು ಪೂರೈಸುವಾತ ಈ ಪದ್ಧತಿಗೆ ಅರ್ಹನಲ್ಲ. ಒಂದೇ ಪ್ಯಾನ್ ಅಡಿಯ ಎಲ್ಲ ವ್ಯವಹಾರಗಳಿಗೂ ಈ ನಿಯಮ ಅನ್ವಯ. ಉದಾಹರಣೆಗೆ, ಸ್ವಂತ ಬೇಕರಿ ಪದಾರ್ಥ ತಯಾರಿಸಿ ವರ್ಷಕ್ಕೆ 80 ಲಕ್ಷ ವಹಿವಾಟು ನಡೆಸುವವ ಶೇ. 1ರಂತೆ 80,000 ರೂಪಾಯಿ ಕಟ್ಟಿ ನೆಮ್ಮದಿಯಿಂದಿರುತ್ತಾನೆ. ಅದೇ ಪ್ಯಾನ್ ಮೇಲೆ ಎರಡು ದಿನದ ಬಿಯರ್ ಮಳಿಗೆ ಹಾಕಿದರೆ ಅಂದಿನಿಂದಲೇ ಅವನ ಅರ್ಹತೆ ಹೋಗುತ್ತದೆ. ಏಳು ದಿನದೊಳಗೆ ಸಿಎಂಪಿ-04 ನಮೂನೆಯಲ್ಲಿ ತಿಳಿಸಿ, ಸಾಮಾನ್ಯ ದರದಲ್ಲಿ ತೆರಿಗೆ, ತೆರಿಗೆ ಬಿಲ್ಲು, ಮಾಸಿಕ ವಿವರಣೆ ಎಲ್ಲವನ್ನೂ ಆರಂಭಿಸಬೇಕು. ಖಾನಾವಳಿಯವನಿಗೆ ರಾಜಿ ದರವೂ ಸಾಮಾನ್ಯ ದರವೂ ಶೇ. 5 ಇರುವುದರಿಂದ ಹೊಡೆತ ಅಷ್ಟಿಲ್ಲ. ತಯಾರಕನಿಗೂ ಕಿರಾಣಿ ವ್ಯಾಪಾರಿಗೂ ಅದು ದೊಡ್ಡದು. ಎರಡು ದಿನದ ಲಾಭ ಎಷ್ಟೇ ಇರಲಿ, ವರ್ಷದ ಲೆಕ್ಕ ಹಾಕಿ ನೋಡಿದ ಮೇಲೆ ಸನ್ನದಿನ ಅರ್ಜಿ ಬರೆಯುವುದು ಒಳ್ಳೆಯದು. ಸಾಮಾನ್ಯ ಪದ್ಧತಿಯಲ್ಲಿರುವವರಿಗೂ ಬಿಯರಿಗೆ ಸೇರಿದ ಪಾಲಿನ ಹೂಡುವಳಿ ತೆರಿಗೆಯನ್ನು 17(2)ರಂತೆ ಹಿಂತಿರುಗಿಸುವ ಹೊಣೆಯಿದೆ.

ಪ್ರವೇಶ ಶುಲ್ಕ ತಲೆಗೆ 500 ರೂಪಾಯಿ ಮೀರದಿದ್ದರೆ ಕ್ರೀಡಾಕೂಟದ ಟಿಕೆಟಿಗೆ ಜಿಎಸ್‌ಟಿ ವಿನಾಯಿತಿಯಿದೆ. ನಮ್ಮ ಭಾಗದ ಪಂದ್ಯಾವಳಿಗಳಿಗೆ ಅಷ್ಟು ಸಾಕು.

ಬ್ಯಾನರ್ ಮತ್ತು ಪ್ರಾಯೋಜಕತ್ವ

ಮದ್ಯದ ಸಂಸ್ಥೆಗಳು ಮತ್ತು ಫುಟ್‌ಬಾಲಿನ ನಂಟು ಭಾರತಕ್ಕೆ ಹೊಸದಲ್ಲ. ಬೆಂಗಳೂರಿನ ಯು.ಬಿ. ಸಮೂಹವು 1998ರಲ್ಲಿ ಕೊಲ್ಕತ್ತಾದ ಎರಡು ಹಳೆಯ ಕ್ಲಬ್ಬುಗಳೊಂದಿಗೆ ಒಪ್ಪಂದ ಮಾಡಿಕೊಂಡಾಗ ‘ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್’, ‘ಮೆಕ್‌ಡೊವೆಲ್ ಮೋಹನ್ ಬಾಗಾನ್’ ಎಂಬ ಹೆಸರುಗಳೇ ಹುಟ್ಟಿದವು. ಹತ್ತು ವರ್ಷಗಳ ನಂತರ ಕ್ರಿಕೆಟ್ಟಿನಲ್ಲಿ ರಾಯಲ್ ಚಾಲೆಂಜರ್ಸ್ ಬಂದಿತು. ಈಗ ದಿನ ಬದಲಾಗಿದೆ. ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2022ರ ಜೂನ್ 9ರಂದು ಹೊರಬಿದ್ದ ಮಾರ್ಗಸೂಚಿಗಳು, ನಿಷೇಧಿತ ಸರಕನ್ನು ಬೇರೊಂದು ಸರಕಿನ ಸೋಗಿನಲ್ಲಿ ಪ್ರಚಾರ ಮಾಡುವುದನ್ನು ನಿಷೇಧಿಸಿವೆ. ಸೋಡಾ, ಕುಡಿಯುವ ನೀರು ಎಂದು ಬರೆದು ಬಿಯರಿನ ಚಿಹ್ನೆಯ ಬ್ಯಾನರನ್ನು ಕಾಲೇಜು ಮೈದಾನದಲ್ಲಿ ಕಟ್ಟಿಸುವ ವಿತರಕರು ಕಂಪನಿಯಿಂದ ಲಿಖಿತ ಆದೇಶ ಮತ್ತು ವಿನ್ಯಾಸದ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡಿರಬೇಕು. ಮೈದಾನವನ್ನು ಮಳಿಗೆಗಳಿಗೆ ಬಾಡಿಗೆಗೆ ಕೊಡುವ ಶಿಕ್ಷಣ ಸಂಸ್ಥೆಯೂ ಆ ಆದಾಯ ಶಿಕ್ಷಣಕ್ಕೆ ಪ್ರಾಸಂಗಿಕವೆಂದು ತೋರಿಸಿ ಪ್ರತ್ಯೇಕ ಲೆಕ್ಕ ಇಡದಿದ್ದರೆ ಧರ್ಮದತ್ತಿ ಸಂಸ್ಥೆಯ ಆದಾಯ ತೆರಿಗೆ ವಿನಾಯಿತಿಗೆ ತೊಡಕಾಗುತ್ತದೆ. ಬಾಡಿಗೆ ಸೇವೆಗೆ ಜಿಎಸ್‌ಟಿ ಬೇರೆ.

ಅಮೆರಿಕೆಯ ಮಾದರಿಯಲ್ಲಿ ಇಲ್ಲಿಗೆ ತರಬಹುದಾದ ಅಂಶವೊಂದಿದೆ. ಅದು ಬಿಯರಲ್ಲ, ಮಳಿಗೆಯ ವ್ಯವಸ್ಥೆ. ಸ್ಥಿರ ಜಾಗ, ಮೊದಲೇ ಹರಾಜಾದ ಸಂಖ್ಯೆ, ಲಿಖಿತ ಕರಾರು, ಆಹಾರ ಸುರಕ್ಷತಾ ನೋಂದಣಿಯ ಪ್ರತಿ ಮುಂದೆ ತೂಗುಹಾಕುವುದು, ವಿಕ್ರಯದ ಶೇಕಡಾವಾರು ಪಾಲು ಸಂಘಟಕರಿಗೆ. ಬಂಗೂರನಗರದಲ್ಲಾಗಲಿ ಹಳಿಯಾಳದಲ್ಲಾಗಲಿ ಪಂದ್ಯಾವಳಿಯ ಸಂಘಟಕರು ಮಳಿಗೆ ಹಂಚುವಾಗ, ಅನುಮತಿ ರದ್ದಾದರೆ ಅಥವಾ ಚುನಾವಣೆ ನಿಮಿತ್ತ ದಿನಾಂಕ ಬದಲಾದರೆ ಮುಂಗಡ ಹಣ ಎಷ್ಟು ದಿನದಲ್ಲಿ ವಾಪಸ್ಸು ಎಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಿಕೊಳ್ಳುವಂತೆ ವ್ಯಾಪಾರಸ್ಥರು ಕೇಳಬೇಕು. ರಶೀದಿಯಿಲ್ಲದ ಮುಂಗಡಕ್ಕೆ ಖರ್ಚಿನ ಖಾತೆಯಲ್ಲಿಯೂ ಜಾಗವಿಲ್ಲ.