ಒತ್ತಕ್ಷರ ಉಳಿಸುವ ಲೆಕ್ಕ

ಕಾಗಿನೆಲೆಯ ರೈತರೊಬ್ಬರು ತಮ್ಮ ಹೊಲದ ಪಹಣಿಯನ್ನು ಫೋನಿನಲ್ಲಿ ನೋಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ತಂದಿದ್ದರಿಂದ ಇದು ಸಾಧ್ಯವಾಗಿದೆ. ಇವರ ಕಣ್ಣು ಮಂಜಾಗಿದೆ, ದೊಡ್ಡ ಅಕ್ಷರ ಬೇಕು. ಇಂಗ್ಲಿಷ್ ಬಾರದು. ಪರದೆಯೋ ಅಂಗೈಯಗಲ. ಬಳಸುವವರಿಗೆ ತಕ್ಕಂತೆ ಪರದೆ ತಾನಾಗಿ ಬದಲಾಗುವುದು ಹೇಗೆ?

ಅದಕ್ಕೆ ನಿಯಮಗಳನ್ನು ಬರೆಯುತ್ತಾರೆ. ನಮ್ಮ ಊಹೆಯ ಪರದೆಗೆ ಎರಡು ನಿಯಮ ಸಾಕು. ದೊಡ್ಡ ಅಕ್ಷರ ಕೇಳಿದರೆ ಅಕ್ಷರ ಹಿಗ್ಗಲಿ. ಪರದೆ ಚಿಕ್ಕದಾದರೆ, ಹೆಚ್ಚು ಸಾಲು ಹಿಡಿಸಲೆಂದು ಸಾಲಿನ ಎತ್ತರ ಇಷ್ಟೇ ಇರಲಿ. ಬಿಡಿಬಿಡಿಯಾಗಿ ಎರಡೂ ಸರಿಯೇ. ಒಟ್ಟಿಗೆ ಬಂದಾಗ ಮಾತ್ರ, ಇಂಗ್ಲಿಷಿಗೆ ಹೇಗೋ ಸಾಕಾಗುವ ಎತ್ತರ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಪರೀಕ್ಷಿಸುವವರು ‘ಕಾಗಿನೆಲೆ’ ಎಂದು ಬರೆದು ನೋಡಿದರೆ ದೋಷ ಕಾಣುವುದೇ ಇಲ್ಲ, ಅದರಲ್ಲಿ ಒತ್ತಿಲ್ಲ. ‘ಹಾವೇರಿ’ಯೂ ಪಾಸು! ‘ರಾಣೆಬೆನ್ನೂರು’ ಬಂದಾಗ ನಕಾರದ ಒತ್ತು ಕತ್ತರಿಸಿಹೋಗುತ್ತದೆ. ಪಹಣಿಯಲ್ಲಿ ಹೆಸರಿನ ಕೊನೆಯ ‘ಅಪ್ಪ’ ‘ಅಪ’ ಆಗಿ ಕಂಡರೆ ಅದು ನಗುವ ಮಾತಲ್ಲ, ಜಮೀನಿನ ಮಾತು.

ಇಲ್ಲಿ ಗಣಿತ ನೆರವಿಗೆ ಬರುತ್ತದೆ. ಮೊದಲು ಬೇಕಾದುದನ್ನು ಖಚಿತವಾಗಿ ಬರೆಯಬೇಕು: ಯಾವ ಸಂದರ್ಭದಲ್ಲೂ ಸಾಲಿನ ಎತ್ತರ, ಅಕ್ಷರ ಮತ್ತು ಒತ್ತಿನ ಒಟ್ಟು ಎತ್ತರಕ್ಕಿಂತ ಕಡಿಮೆಯಾಗಕೂಡದು. ಅಕ್ಷರ ಎರಡು ಬಗೆ, ಭಾಷೆ ಎರಡು, ಪರದೆ ಎರಡು. ಒಟ್ಟು 8 ಸಂದರ್ಭ. ಕೈಯಲ್ಲೇ ಪರಿಶೀಲಿಸಬಹುದು. ಆದರೆ ಇಂಥ 20 ಆಯ್ಕೆಗಳಿದ್ದರೆ ಸಂದರ್ಭಗಳು 10,48,576! ಆಗ ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸುತ್ತಾರೆ. ‘ಮಾಡೆಲ್ ಚೆಕಿಂಗ್’ ಎಂಬ ಈ ವಿಧಾನವನ್ನು ಬೆಳೆಸಿದ ಕ್ಲಾರ್ಕ್, ಎಮರ್ಸನ್ ಮತ್ತು ಸಿಫಾಕಿಸ್ ಅವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅದು ಬರೀ ‘ತಪ್ಪಿದೆ’ ಎನ್ನುವುದಿಲ್ಲ. ‘ದೊಡ್ಡ ಅಕ್ಷರ, ಕನ್ನಡ, ಚಿಕ್ಕ ಪರದೆ’ ಎಂದು ಕೆಟ್ಟ ಸಂದರ್ಭವನ್ನೇ ಎತ್ತಿ ತೋರಿಸುತ್ತದೆ. ಸಾಲಿನ ಎತ್ತರ ಅಕ್ಷರದ ಜತೆಗೇ ಹಿಗ್ಗಲಿ ಎಂದು ನಿಯಮ ತಿದ್ದಿ, ಮತ್ತೆ ಪರಿಶೀಲನೆಗೆ ಕೊಟ್ಟರಾಯಿತು.

ಒತ್ತಕ್ಷರವೆಂಬುದೊಂದಿದೆ ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯದು. ನನ್ನ ಮಟ್ಟಿಗೆ, ಇಡೀ ಕೆಲಸದಲ್ಲಿ ಕಠಿಣವಾದದ್ದು ಆ ಒಂದು ವಾಕ್ಯವನ್ನು ಬರೆಯುವುದೇ. ಅದಕ್ಕೆ ಕನ್ನಡ ಬಲ್ಲವರೇ ಬೇಕು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರ ತನ್ನ ಮಾರ್ಗಸೂಚಿಯಲ್ಲಿ, ಅಕ್ಷರವನ್ನು ಶೇಕಡಾ 200ರವರೆಗೆ ಹಿಗ್ಗಿಸಿದರೂ ವಿಷಯ ಕಳೆದುಹೋಗಬಾರದು ಎಂದಿದೆ.

ಮನೆಯಲ್ಲಿರುವ ಫೋನಿನ ಅಕ್ಷರವನ್ನು ಗರಿಷ್ಠಕ್ಕೆ ಹಿಗ್ಗಿಸಿ, ನೀವು ದಿನವೂ ನೋಡುವ ಕನ್ನಡ ಪುಟಗಳನ್ನು ತೆರೆಯಿರಿ. ‘ರಾಷ್ಟ್ರ’ ಎಂಬ ಪದವನ್ನು ಹುಡುಕಿ, ಅದರ ಒತ್ತುಗಳೆರಡೂ ಇವೆಯೇ ಎಂದು ಎಣಿಸಿ.