ಜಿಮ್ನಿಯನ್ನು ಎತ್ತರಿಸುವ ಮೊದಲು

ಸ್ಪ್ರಿಂಗ್ ಬದಲಿಸಿ ಜಿಮ್ನಿಯನ್ನು 2 ಅಂಗುಲ ಎತ್ತರಿಸಿದ ಮೇಲೂ
ಅದರ ಅಡಿಭಾಗ ಅದೇ ಕಲ್ಲಿಗೆ ತಾಗುವುದೇಕೆ?

ಭಾರತದಲ್ಲಿ 2023ರಲ್ಲಿ ಮಾರಾಟಕ್ಕೆ ಬಂದ
ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಗೆ
ಮುಂದೆಯೂ ಹಿಂದೆಯೂ ಇರುವುದು ರಿಜಿಡ್ ಆಕ್ಸಲ್,
ಅಂದರೆ ಎಡಬಲದ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು;
ಎಂಜಿನ್ನಿನ ಬಲವನ್ನು ಆ ಚಕ್ರಗಳಿಗೆ ಹಂಚುವ
ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಡನೆಯ ಪೆಟ್ಟಿಗೆ
ಈ ಅಚ್ಚಿನಲ್ಲೇ ಕೆಳಕ್ಕೆ ಉಬ್ಬಿಕೊಂಡಿರುತ್ತದೆ.

ಪಂಚೆ ಎತ್ತಿ ಕಟ್ಟಿ ಹೊಳೆ ದಾಟುವವನ ಬಟ್ಟೆ ಮೇಲೇರಿದರೂ
ಪಾದ ಕಲ್ಲಿನ ಮೇಲೆಯೇ ಉಳಿಯುವಂತೆ,
ಹೊಸ ಸ್ಪ್ರಿಂಗ್ ಎತ್ತುವುದು ವಾಹನದ ಒಡಲನ್ನೇ ಹೊರತು ಅಚ್ಚನ್ನಲ್ಲ.

ಅಚ್ಚನ್ನು ಎತ್ತುವುದು ದೊಡ್ಡ ಟೈರು,
ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು ಮಾತ್ರ.

ಆದರೆ ಟೈರು ಹಿಗ್ಗಿದಷ್ಟೂ ಎಳೆಯುವ ಬಲ ಕುಗ್ಗಿ,
ಬ್ರೇಕಿನ ಹೊರೆ ಹೆಚ್ಚಿ,
ಸ್ಪೀಡೋಮೀಟರಿನ ಲೆಕ್ಕವೂ ತಪ್ಪುವುದರಿಂದ,
ಕಂಪನಿ ಕೊಟ್ಟ ಅಳತೆಯಲ್ಲೇ ಆಳವಾದ ಕಚ್ಚುಗಳುಳ್ಳ ಟೈರು,
ಅಡಿಭಾಗಕ್ಕೆ ಲೋಹದ ರಕ್ಷಾಫಲಕ,
ಕೆಸರಿನಿಂದ ಎಳೆಸಿಕೊಳ್ಳಲು ಚಾಸಿಗೆ ಬಿಗಿದ ಗಟ್ಟಿ ಕೊಂಡಿ,
ಇವೇ ಮಾರ್ಪಾಡಿನ ಮೊದಲ ಖರ್ಚಾಗುವುದು ಲೇಸು;
ಭಾರೀ ಬಂಪರು ಹೆಚ್ಚಾಗಿ ಫೋಟೋಗೇ ಚೆಂದ.

ಕಂಪನಿಯ ಮೂಲ ವಿವರಗಳನ್ನು ಮೀರುವ ಮಾರ್ಪಾಡುಗಳಿಗೆ
ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ;
2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ.